‘ಅದು ಕಾನೂನಿನ ಪದ ಅಷ್ಟೇ’ ಎನ್ನುವವರಿಗೆ

ದೊಡ್ಡಪ್ಪ ಅಮೆರಿಕದಲ್ಲಿ ಇಪ್ಪತ್ತೈದು ವರ್ಷ ದುಡಿದು ಮೈಸೂರಿಗೆ ಮರಳಿದಾಗ ತಂದ ಕಡತಗಳ ನಡುವೆ ಒಂದು ಜೆರಾಕ್ಸ್ ಹಾಳೆ ಇದೆ. ಅವರ ಹಳೆಯ ಗ್ರೀನ್ ಕಾರ್ಡಿನದು. ಅಸಲು ಕಾರ್ಡು ಅವರ ಬಳಿ ಇಲ್ಲ. ಅಲ್ಲಿನ ಪೌರತ್ವದ ಪ್ರಮಾಣವಚನ ಸ್ವೀಕರಿಸುವ ದಿನ ಅದನ್ನು ಸರ್ಕಾರಕ್ಕೆ ಒಪ್ಪಿಸಿಬಿಡಬೇಕು. ಜೆರಾಕ್ಸ್‌ನಲ್ಲಿರುವ ದೊಡ್ಡಪ್ಪ ನಮ್ಮನ್ನು ನೋಡುತ್ತಿಲ್ಲ. ಮುಖ ಒಂದು ಪಕ್ಕಕ್ಕೆ ತಿರುಗಿದೆ, ಬಲಗಿವಿ ಪೂರ್ತಿ ಕಾಣುತ್ತಿದೆ. 2004ರವರೆಗೂ ಗ್ರೀನ್ ಕಾರ್ಡಿನ ಫೋಟೊದಲ್ಲಿ ಬಲಗಿವಿ ಕಾಣಲೇಬೇಕು ಎಂಬ ನಿಯಮವಿತ್ತು. ಕಾರ್ಡಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಎರಡು ಪದ: ರೆಸಿಡೆಂಟ್ ಏಲಿಯನ್.

ಹೋದ ದೀಪಾವಳಿಗೆ ಮನೆಮಂದಿ ಸೇರಿದ್ದಾಗ ಆ ಹಾಳೆ ಕೈಯಿಂದ ಕೈಗೆ ಹೋಯಿತು. ಮಕ್ಕಳು ನಕ್ಕವು. ಏಲಿಯನ್ ಎಂದರೆ ಅವರಿಗೆ ಹಸಿರು ಮೈ, ದೊಡ್ಡ ತಲೆ, ಹಾರುವ ತಟ್ಟೆ. ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿರುವ, ವರ್ಕ್ ವೀಸಾ ಮೇಲಿರುವ ನಮ್ಮ ಭಾವ ಮಾತ್ರ ನಗಲಿಲ್ಲ. ‘ಅದು ಲೀಗಲ್ ಟರ್ಮ್ ಅಷ್ಟೇ ಕಣ್ರೀ. ಅದರಲ್ಲಿ ಬೇಜಾರು ಮಾಡ್ಕೊಳ್ಳೋಕೆ ಏನಿದೆ? ನಾನೂ ಏಲಿಯನ್ನೇ, ಲೀಗಲ್ ಏಲಿಯನ್’ ಎಂದರು. ದೊಡ್ಡಪ್ಪ ಹಾಳೆಯನ್ನು ವಾಪಸ್ ಇಸಿದುಕೊಂಡು, ‘ಕಿವಿ ಚೆನ್ನಾಗಿ ಬಂದಿದೆ’ ಎಂದರು.

ಭಾವನ ಮಾತು ಭಾವನೊಬ್ಬರದಲ್ಲ. ಓದಿದವರು, ಕಾನೂನು ಬಲ್ಲವರು, ಅಮೆರಿಕ ಕಂಡವರು, ಪತ್ರಿಕೆಯ ಸುದ್ದಿಮೇಜಿನಲ್ಲಿ ಕೂತವರು ಎಲ್ಲರೂ ಹೇಳುವ ಮಾತು ಅದೇ. ಕಾನೂನಿನ ಪದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಅದು ಬರೀ ಅಳತೆಪಟ್ಟಿ, ಅದಕ್ಕೆ ನೊಂದುಕೊಳ್ಳುವವರು ಅತಿಸೂಕ್ಷ್ಮದವರು ಎಂಬ ನಿಲುವು. ಈ ನಿಲುವು ತಪ್ಪು ಎನ್ನುವುದಷ್ಟೇ ನನ್ನ ವಾದವಲ್ಲ. ಅದು ಅನುಕೂಲಕ್ಕೆ ಕಟ್ಟಿಕೊಂಡ ಸುಳ್ಳು, ಆ ಪದವನ್ನು ಕಾನೂನೇ ಬಳಸಿದ ರೀತಿ ಅದಕ್ಕೆ ಸಾಕ್ಷಿ.

ಮೊದಲು ಅವರ ಕೈಯಲ್ಲಿರುವ ಗಟ್ಟಿ ದಾಳವನ್ನೇ ನೋಡೋಣ. ಅಮೆರಿಕದ 1952ರ ವಲಸೆ ಮತ್ತು ಪೌರತ್ವ ಕಾಯ್ದೆ ‘ಏಲಿಯನ್’ ಪದವನ್ನು ಒಂದೇ ಸಾಲಿನಲ್ಲಿ ವಿವರಿಸಿ ಮುಗಿಸುತ್ತದೆ. ಆ ದೇಶದ ನಾಗರಿಕನೂ ಅಲ್ಲದ, ಅಲ್ಲಿನ ‘ನ್ಯಾಷನಲ್’ ಕೂಡ ಅಲ್ಲದ ಯಾವುದೇ ವ್ಯಕ್ತಿ ಏಲಿಯನ್. ಇದರಲ್ಲಿ ಬೈಗುಳ ಇಲ್ಲ, ಒಪ್ಪಿದೆ. ಲ್ಯಾಟಿನ್‌ನ ‘ಅನ್ಯ’ ಎಂಬರ್ಥದ ಬೇರಿನಿಂದ ಬಂದದ್ದು, ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಶತಮಾನಗಳಿಂದ ಇದ್ದದ್ದು, ಹಾರುವ ತಟ್ಟೆಯ ಕಥೆಗಳಿಗಿಂತ ಎಷ್ಟೋ ಹಳೆಯದು. ಅದನ್ನೂ ಒಪ್ಪಿದೆ.

ಆದರೆ ನಿಘಂಟು ತೆಗೆದರೆ ‘ಪರದೇಶಿ’ ಎಂದರೂ ಬೇರೆ ದೇಶದವನು ಎಂದೇ ಮೊದಲ ಅರ್ಥ. ಹಾಗೆಂದು ಲಂಡನ್ನಿನಿಂದ ಬಂದ ವಿದ್ವಾಂಸರೊಬ್ಬರನ್ನು ವೇದಿಕೆಗೆ ಕರೆದು, ‘ನಮ್ಮೂರಿಗೆ ಬಂದಿರುವ ಈ ಪರದೇಶಿಯವರಿಗೆ ಸ್ವಾಗತ’ ಎಂದು ಹೇಳಿ ನೋಡಿ. ಹಿಂದಿ ಸಿನಿಮಾ ಹಾಡುಗಳಲ್ಲಿ ಪರದೇಶಿ ದೂರ ಹೋದ ಪ್ರೇಮಿ. ನಮ್ಮಲ್ಲಿ ಪರದೇಶಿ ಎಂದರೆ ಅಪ್ಪ ಅಮ್ಮ ಇಲ್ಲದವನು, ಹೇಳೋರು ಕೇಳೋರು ಇಲ್ಲದವನು, ಹಬ್ಬದ ದಿನ ಯಾರದೋ ಜಗಲಿಯಲ್ಲಿ ಕೂತವನು. ಬೇರೆ ದೇಶ ಎಂಬ ಅರ್ಥ ಅನಾಥ ಎಂಬ ಅರ್ಥಕ್ಕೆ ಜಾರಿದ್ದು ನಿಘಂಟುಕಾರರಿಂದ ಅಲ್ಲ. ಊರು ಬಿಟ್ಟು ಬಂದವನನ್ನು ಊರು ನಡೆಸಿಕೊಂಡ ರೀತಿ ಪದಕ್ಕೆ ಅಂಟಿಕೊಂಡಿತು. ಏಲಿಯನ್ ಪದಕ್ಕೂ ಹೀಗೇ ಅಂಟಿಕೊಂಡಿದೆ. ಅಂಟಿಸಿದ್ದು ಹಾದಿಬೀದಿಯ ಜನ ಮಾತ್ರವಲ್ಲ, ಸ್ವತಃ ಕಾನೂನು.

1942ರ ವಸಂತಕ್ಕೆ ಹೋಗೋಣ. ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದಲ್ಲೇ ಹುಟ್ಟಿದವರು, ಅಲ್ಲಿನ ನಾಗರಿಕರು. ಟೆಲಿಫೋನ್ ಕಂಬಗಳಿಗೆ, ಅಂಗಡಿಗಳ ಗೋಡೆಗೆ ಸೇನೆ ಅಂಟಿಸಿದ ಆದೇಶಪತ್ರಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಈ ನಾಗರಿಕರನ್ನು ಆ ಪತ್ರ ಏನೆಂದು ಕರೆಯಿತು ಗೊತ್ತೇ? ‘ಏಲಿಯನ್ ಮತ್ತು ನಾನ್-ಏಲಿಯನ್ ಇಬ್ಬರೂ’ ಜಾಗ ಖಾಲಿ ಮಾಡಬೇಕು ಎಂದಿತ್ತು. ನಾನ್-ಏಲಿಯನ್! ಏಲಿಯನ್ ಅಲ್ಲದವನು. ‘ನಾಗರಿಕ’ ಎಂದು ಬರೆದಿದ್ದರೆ ಪತ್ರ ಓದಿದ ಬಡಗಿಯೂ, ಹಾಲಿನವನೂ ತಡೆದು ಕೇಳುತ್ತಿದ್ದರು: ವಿಚಾರಣೆಯಿಲ್ಲದೆ ನಾಗರಿಕನನ್ನು ಶಿಬಿರಕ್ಕೆ ಕಳಿಸುವುದು ಹೇಗೆ? ಅದಕ್ಕೇ ಆ ಪದವನ್ನು ಬರೆಯಲಿಲ್ಲ. ‘ನಾಗರಿಕ’ ಎಂಬ ಪದಕ್ಕೆ ಹಕ್ಕುಗಳ ನೆನಪು ಇತ್ತು, ‘ಏಲಿಯನ್’ ಎಂಬ ಪದಕ್ಕೆ ಇರಲಿಲ್ಲ. ಹಾಗಾಗಿ ನಾಗರಿಕನನ್ನೂ ಏಲಿಯನ್‌ನ ನೆರಳಿಗೆ ಎಳೆದು, ಮುಂದೆ ಒಂದು ‘ನಾನ್’ ಸಿಕ್ಕಿಸಿದರು. ಸೇನೆಯ ಕಚೇರಿಯಲ್ಲಿ ಕೂತು ಈ ಪದ ಹೊಸೆದವನಿಗೆ ಕಾನೂನಿನ ಪದಗಳಿಗೆ ಬಣ್ಣ ಇಲ್ಲ ಎಂದು ಹೇಳಿದ್ದರೆ ನಕ್ಕುಬಿಡುತ್ತಿದ್ದ.

ಈ ಸಾಗಾಟಕ್ಕೆ ದಾರಿ ಮಾಡಿದ ಅಧ್ಯಕ್ಷರ ಆದೇಶಕ್ಕೆ ಸಹಿ ಬಿದ್ದದ್ದು 1942ರ ಫೆಬ್ರವರಿ 19ರಂದು. ಕಾಕತಾಳೀಯ ಇರಬಹುದು, ಅದಕ್ಕೆ ಸರಿಯಾಗಿ 19 ವರ್ಷ ಹಿಂದೆ, 1923ರ ಅದೇ ದಿನ, ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ನಮ್ಮವರು ಈ ಪ್ರಕರಣವನ್ನು ತಿಳಿದಿರಲೇಬೇಕು. ಥಿಂಡ್ ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆಯಲ್ಲಿ, ಪೇಟ ಕಟ್ಟಿಕೊಂಡೇ ಕೆಲಸ ಮಾಡಿ ಗೌರವದಿಂದ ಬಿಡುಗಡೆ ಪಡೆದವರು. 1790ರ ಕಾನೂನಿನ ಪ್ರಕಾರ ಪೌರತ್ವ ಸಿಗುತ್ತಿದ್ದದ್ದು ಸ್ವತಂತ್ರ ಬಿಳಿಯ ಏಲಿಯನ್‌ಗೆ ಮಾತ್ರ. ಅಂತರ್ಯುದ್ಧದ ನಂತರ ಆಫ್ರಿಕಾ ಮೂಲದವರನ್ನೂ ಸೇರಿಸಿದ್ದರು. ಥಿಂಡ್ ತಾನು ಆರ್ಯ ಕುಲದವನು, ಆದ್ದರಿಂದ ಬಿಳಿಯ ಎಂದು ವಾದಿಸಿದರು. ವಾದದಲ್ಲಿ ಜಾತಿಯ ಹಮ್ಮೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಸಾಮಾನ್ಯ ಜನ ‘ಬಿಳಿಯ’ ಎಂದಾಗ ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೋ ಅದೇ ಅರ್ಥ ಎಂದಿತು. ಕಾನೂನಿನ ಪದದ ಅರ್ಥಕ್ಕೆ ಹಾದಿಬೀದಿಯ ಜನರ ಗ್ರಹಿಕೆಯೇ ಅಳತೆ ಎಂದು ಸುಪ್ರೀಂ ಕೋರ್ಟೇ ಹೇಳಿತು ಎಂಬುದನ್ನು ಭಾವ ಗಮನಿಸಬೇಕು. ತೀರ್ಪು ಬರೆದ ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ.

ತೀರ್ಪಿನ ಪರಿಣಾಮ ಕಾಗದದಲ್ಲಿ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾ 1913ರಲ್ಲೇ ಒಂದು ಭೂ ಕಾಯ್ದೆ ಮಾಡಿತ್ತು. ಅದರಲ್ಲಿ ಜಪಾನಿ, ಚೀನೀ, ಭಾರತೀಯ ಎಂಬ ಒಂದು ಪದವೂ ಇಲ್ಲ. ‘ಪೌರತ್ವಕ್ಕೆ ಅರ್ಹರಲ್ಲದ ಏಲಿಯನ್‌ಗಳು’ ಕೃಷಿಭೂಮಿ ಕೊಳ್ಳುವಂತಿಲ್ಲ ಎಂದಷ್ಟೇ ಇದೆ. ಎಷ್ಟು ಸ್ವಚ್ಛ, ಎಷ್ಟು ನಿರ್ಲಿಪ್ತ ಭಾಷೆ! ಬಣ್ಣ ನೋಡಿ ಪೌರತ್ವ ಕೊಡುವ ಕಾನೂನು ಒಂದು ಕಡೆ, ಪೌರತ್ವ ನೋಡಿ ಭೂಮಿ ಕೊಡುವ ಕಾನೂನು ಇನ್ನೊಂದು ಕಡೆ. ಎರಡನ್ನೂ ಹೊಲಿದ ದಾರ ಈ ‘ಏಲಿಯನ್’. 1923ರ ನಂತರ ಭಾರತೀಯ ರೈತರೂ ಆ ಬಲೆಗೆ ಬಿದ್ದರು. ಮೊದಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯಿ 1921ರಲ್ಲಿ ಪ್ರಜೆಯಾಗಿದ್ದವರು, ಬ್ರಿಟಿಷ್ ಪ್ರಜೆತನವನ್ನು ಬಿಟ್ಟುಕೊಟ್ಟಿದ್ದವರು. ಒಂದು ದಿನ ಮತ್ತೆ ಏಲಿಯನ್ ಆದರು. ಆಸ್ತಿ ಹೋಯಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ.

‘ಅದೆಲ್ಲ ಹಳೇ ಕಥೆ’ ಎನ್ನುತ್ತಾರೆ. 1798ರಲ್ಲಿ ಫ್ರಾನ್ಸಿನ ಭಯದಲ್ಲಿ ಮಾಡಿದ ‘ಏಲಿಯನ್ ಎನಿಮೀಸ್’ ಕಾಯ್ದೆಯೂ ಹಳೇ ಕಥೆಯೇ. 2025ರ ಮಾರ್ಚ್‌ನಲ್ಲಿ ಅದನ್ನು ಕಪಾಟಿನಿಂದ ತೆಗೆದು ವೆನೆಜುವೆಲಾದ ನೂರಕ್ಕೂ ಹೆಚ್ಚು ಜನರನ್ನು ಎಲ್ ಸಾಲ್ವಡಾರ್‌ನ ಜೈಲಿಗೆ ವಿಮಾನದಲ್ಲಿ ಸಾಗಿಸಲಾಯಿತು.

ನನಗೆ ಎಲ್ಲಕ್ಕಿಂತ ದೊಡ್ಡ ಪುರಾವೆ ಅನ್ನಿಸುವುದು ಈಚಿನದೇ. 2021ರಲ್ಲಿ ಬೈಡನ್ ಆಡಳಿತ ತನ್ನ ವಲಸೆ ಇಲಾಖೆಗಳಿಗೆ ‘ಏಲಿಯನ್’ ಬಿಡಿ, ‘ನಾನ್‌ಸಿಟಿಜನ್’ ಬರೆಯಿರಿ ಎಂದು ಸೂಚಿಸಿತು. 2025ರ ಜನವರಿಯಲ್ಲಿ ಆಡಳಿತ ಬದಲಾಗುತ್ತಿದ್ದಂತೆ ಹಳೆಯ ಪದ ಕಡತಗಳಿಗೆ ಮರಳಿತು. ಅದಕ್ಕೂ ಮೊದಲು, 2016ರಲ್ಲಿ, ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಪುಸ್ತಕ ವರ್ಗೀಕರಣದಿಂದ ‘ಇಲ್ಲೀಗಲ್ ಏಲಿಯನ್ಸ್’ ಎಂಬ ಶೀರ್ಷಿಕೆ ತೆಗೆಯಲು ಹೊರಟಿತ್ತು. ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಎತ್ತಿದ ಬೇಡಿಕೆ ಅದು. ಗ್ರಂಥಾಲಯದ ಕ್ಯಾಟಲಾಗ್ ಕಾರ್ಡಿನ ಒಂದು ಪದಕ್ಕಾಗಿ ಸಂಸತ್ತಿನ ಸದಸ್ಯರು ಎದ್ದು ನಿಂತು ಅಡ್ಡಹಾಕಿದರು. ಶೀರ್ಷಿಕೆ ಕೊನೆಗೂ ಬದಲಾಗಿದ್ದು 2021ರ ನವೆಂಬರ್‌ನಲ್ಲಿ. ಅದು ಬರೀ ಅಳತೆಪಟ್ಟಿಯೇ ಆಗಿದ್ದರೆ ಅದನ್ನು ಉಳಿಸಲು ಇಷ್ಟು ಬೆವರು ಯಾಕೆ ಸುರಿಸಬೇಕು? ಕಾನೂನಿನಲ್ಲಿ ಗೇಣು, ಮೊಳ ಹೋಗಿ ಮೀಟರ್ ಬಂದಾಗ ಗೇಣನ್ನು ವಾಪಸ್ ತರಲು ಯಾರೂ ಚುನಾವಣೆ ಗೆದ್ದು ಬರಲಿಲ್ಲ.

ಪದ ಬದಲಾದರೆ ಕಾನೂನು ಸಡಿಲವಾಗುತ್ತದೆ ಎಂಬ ಇನ್ನೊಂದು ವಾದವಿದೆ. ಅದಕ್ಕೆ ಉತ್ತರ ಕೊಟ್ಟವರು ಟ್ರಂಪ್ ಅವರೇ ನೇಮಿಸಿದ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ. 2020ರ ಬಾರ್ಟನ್ ಪ್ರಕರಣದ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ, ಕಾಯ್ದೆಯ ‘ಏಲಿಯನ್’ಗೆ ಸಮಾನವಾಗಿ ‘ನಾನ್‌ಸಿಟಿಜನ್’ ಬಳಸಿದ್ದೇನೆ ಎಂದು ಹೇಳಿ ಅವರು ಮುಂದೆ ಹೋದರು. ಆಕಾಶ ಕಳಚಿ ಬೀಳಲಿಲ್ಲ. ಅಷ್ಟೇ ಅಲ್ಲ, ಅದೇ ತೀರ್ಪು ಗ್ರೀನ್ ಕಾರ್ಡ್ ಹೊಂದಿದ್ದ ಜಮೈಕಾ ಮೂಲದ ಅರ್ಜಿದಾರನ ವಿರುದ್ಧವೇ ಹೋಯಿತು. ಪದ ಮೃದುವಾಯಿತು, ಗಡೀಪಾರು ನಿಲ್ಲಲಿಲ್ಲ.

ಹಾಗಾದರೆ ಪದ ಬದಲಿಸಿ ಏನು ಬಂತು? ಈ ಪ್ರಶ್ನೆಗೆ ಬೆಲೆಯಿದೆ, ತಪ್ಪಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ‘ಜಾಡಮಾಲಿ’ ಹೋಗಿ ‘ಪೌರಕಾರ್ಮಿಕ’ ಬಂತು. ಎಂಥ ಒಳ್ಳೆಯ ಪದ, ಅದರೊಳಗೆ ಪೌರ ಎಂಬ ಮಾತೇ ಇದೆ! ಆದರೂ ಪೊರಕೆ ಹಿಡಿದವರ ಗುತ್ತಿಗೆ ಬದುಕು ದಶಕಗಳ ಕಾಲ ಹಾಗೇ ಉಳಿಯಿತು. ಕಾಯಂ ನೌಕರಿ, ನೇರ ಪಾವತಿ ಬಂದದ್ದು ಅವರು ಬೀದಿಗಿಳಿದು ಕೂಗಿದ ಮೇಲೆ. ಪದ ಸಂಬಳ ಕೊಡಲಿಲ್ಲ, ನಿಜ. ಆದರೆ ಸಂಬಳ ಕೇಳಲು ನಿಂತವರು ಯಾವ ಹೆಸರಿನ ಫಲಕ ಹಿಡಿದು ನಿಂತಿದ್ದರು ನೋಡಿ. ಮತ್ತೆ ‘ಜಾಡಮಾಲಿ’ ಎಂದು ಬರೆಯೋಣ, ಹೇಗೂ ಹಳೆಯ ದಾಖಲೆಗಳಲ್ಲಿ ಇರುವ ಪದ ತಾನೇ ಎಂದು ಯಾವ ಸಂಪಾದಕನಾದರೂ ಹೇಳುತ್ತಾನೆಯೇ?

‘ನಾನ್‌ಸಿಟಿಜನ್’ ಕೂಡ ಚಿನ್ನದಂಥ ಪದವೇನಲ್ಲ. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು ಅಮೆರಿಕದ ‘ನ್ಯಾಷನಲ್’ಗಳು, ನಾಗರಿಕರಲ್ಲ, ಆದರೆ ಏಲಿಯನ್‌ಗಳೂ ಅಲ್ಲ. ಎರಡು ಪದ ಪೂರ್ತಿ ಒಂದರ ಮೇಲೊಂದು ಕೂರುವುದಿಲ್ಲ. ಕನ್ನಡಕ್ಕಂತೂ ಅದನ್ನು ನೇರ ತರುವಂತೆಯೇ ಇಲ್ಲ. ನಾಗರಿಕ ಅಲ್ಲದವನು ಅನಾಗರಿಕ! ನಮ್ಮ ಭಾಷೆಯಲ್ಲಿ ಪೌರತ್ವಕ್ಕೂ ಸಭ್ಯತೆಗೂ ಒಂದೇ ಪದ ಕೊಟ್ಟವರು ಇದನ್ನು ಯೋಚಿಸಿರಲಿಕ್ಕಿಲ್ಲ. ನಾವು ‘ನಾಗರಿಕರಲ್ಲದವರು’ ಎಂದು ಉದ್ದಕ್ಕೆ ಬರೆದು ಪಾರಾಗುತ್ತೇವೆ.

ಈಗ ಭಾವನ ಎರಡನೇ ಮಾತು: ‘ನಾನು ಲೀಗಲ್ ಏಲಿಯನ್.’ ಈ ಹೆಮ್ಮೆಯಲ್ಲಿ ಒಂದು ಬೇಲಿ ಇದೆ. ಆಚೆಗಿರುವವರು ಇಲ್ಲೀಗಲ್, ನಾವು ಬೇರೆ. ವಲಸೆ ಕಾಯ್ದೆಯ ಮುಖ್ಯ ವ್ಯಾಖ್ಯೆಗಳ ಉದ್ದನೆಯ ಪಟ್ಟಿಯಲ್ಲಿ ‘ಇಲ್ಲೀಗಲ್ ಏಲಿಯನ್’ ಎಂಬ ನಮೂದೇ ಇಲ್ಲ. ವೀಸಾ ಮುಗಿದ ಮೇಲೂ ಉಳಿದುಕೊಳ್ಳುವುದು ಗಡೀಪಾರಿಗೆ ಕಾರಣವಾಗುತ್ತದೆ, ಆದರೆ ಬರೀ ಉಳಿದುಕೊಂಡದ್ದೇ ಸಾಮಾನ್ಯವಾಗಿ ಅಪರಾಧವಲ್ಲ ಎಂದು 2012ರ ಅರಿಜೋನಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ. ಇನ್ನು ಭಾವನ ಸ್ವಂತ ಸ್ಥಿತಿ ನೋಡಿ: ತೆರಿಗೆ ಇಲಾಖೆಯ ಲೆಕ್ಕದಲ್ಲಿ ಅವರು ‘ರೆಸಿಡೆಂಟ್ ಏಲಿಯನ್’, ವಲಸೆ ಇಲಾಖೆಯ ಲೆಕ್ಕದಲ್ಲಿ ‘ನಾನ್‌ಇಮಿಗ್ರಂಟ್’. ತೆರಿಗೆ ಕಟ್ಟುವಾಗ ಅಲ್ಲಿನ ನಿವಾಸಿ, ಉಳಿಯುವ ಮಾತು ಬಂದಾಗ ಬರೀ ಬಂದುಹೋಗುವವನು. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಬೇಲಿ ಎಲ್ಲಿದೆ ಎಂದು ಅವರಿಗೂ ರಾತ್ರಿ ಹೊತ್ತು ಗೊತ್ತಾಗುತ್ತಿರಬೇಕು.

ನಮ್ಮ ಮನೆಯಂಗಳಕ್ಕೆ ಬನ್ನಿ. ಭಾರತದ ಕಾನೂನು ಬಳಸುವ ಮುಖ್ಯ ಪದ ‘ಫಾರಿನರ್’, ವಿದೇಶೀಯ. 1946ರ ಕಾಯ್ದೆಯಲ್ಲೂ ಅದೇ, ಅದರ ಜಾಗಕ್ಕೆ ಬಂದಿರುವ 2025ರ ಕಾಯ್ದೆಯಲ್ಲೂ ಅದೇ. ಬೈಲಕುಪ್ಪೆಯಲ್ಲಿ, ಮುಂಡಗೋಡದಲ್ಲಿ ಅರವತ್ತು ವರ್ಷದಿಂದ ನೆಲೆಸಿರುವ ಟಿಬೆಟನ್ನರಲ್ಲಿ ಹೆಚ್ಚಿನವರು ಕಾನೂನಿನ ಕಡತದಲ್ಲಿ ವಿದೇಶೀಯರೇ, ನೋಂದಣಿ ಪತ್ರ ನವೀಕರಿಸಿಕೊಳ್ಳುತ್ತ ಇರಬೇಕಾದವರು. ಕುಶಾಲನಗರದ ಬಸ್ ನಿಲ್ದಾಣದಲ್ಲಿ ಒಬ್ಬರಾದರೂ ಅವರನ್ನು ‘ವಿದೇಶೀಯರು’ ಎನ್ನುವುದನ್ನು ಕೇಳಿದ್ದೀರಾ? ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ನಿಂತ ನೇಪಾಳಿ ಕಾವಲುಗಾರನೂ ಕಾನೂನಿನ ಪ್ರಕಾರ ವಿದೇಶೀಯನೇ, 1950ರ ಒಪ್ಪಂದದ ಬಲದಿಂದ ಇಲ್ಲಿ ದುಡಿಯುತ್ತಿದ್ದಾನೆ. ಅವನು ನಮಗೆ ‘ಬಹಾದ್ದೂರ್’. ಹೆಸರು ಕೇಳುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ, ಅದು ಬೇರೆ ಮಾತು. ಯಾರ ಮೇಲೆ ಸಿಟ್ಟಿಲ್ಲವೋ ಅವರ ವಿಷಯದಲ್ಲಿ ನಮಗೆ ಕಾನೂನಿನ ಪದ ನೆನಪಾಗುವುದೇ ಇಲ್ಲ.

ಅದೇ ಬೆಂಗಳೂರಿನ ಹೊರವಲಯದ ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಚಿಂದಿ ಆಯುವವರ ಮೇಲೆ ಪೊಲೀಸರು ದಾಳಿ ಮಾಡಿದ ಬೆಳಿಗ್ಗೆ ಮಾತ್ರ ಪದ ಸಿದ್ಧವಾಗಿರುತ್ತದೆ: ನುಸುಳುಕೋರರು. ಅವರು ಮುರ್ಷಿದಾಬಾದಿನವರೋ, ಅಸ್ಸಾಮಿನವರೋ, ಗಡಿಯಾಚೆಯವರೋ ಎಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿರುವುದಿಲ್ಲ. ಶೀರ್ಷಿಕೆ ಹೇಳಿ ಮುಗಿಸಿರುತ್ತದೆ. ಯಾಕೆ ಹೀಗೆ ಬರೆದಿರಿ ಎಂದರೆ ಸುದ್ದಿಮೇಜಿನ ಉತ್ತರ, ‘ಅಕ್ರಮವಾಗಿ ಬಂದವರಿಗೆ ಇರುವ ಪದ ಅದೇ ತಾನೇ?’

ಆ ಪದದ ಬಾಲ ಹಿಡಿದು ನೋಡಿ. ಲಂಚಕೋರ, ದರೋಡೆಕೋರ, ಚಾಡಿಕೋರ, ಹಲ್ಲೆಕೋರ, ದಂಗೆಕೋರ, ದಾಳಿಕೋರ. ‘ಕೋರ’ ಅಂಟಿದ ಒಂದೇ ಒಂದು ಮಾನವಂತ ಪದವನ್ನು ನಾನು ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಆ ಪ್ರತ್ಯಯ ಒಬ್ಬನು ಒಮ್ಮೆ ಮಾಡಿದ ಕೆಲಸವನ್ನು ಹೇಳುವುದಿಲ್ಲ, ಅವನ ಕಸುಬೇ ಕೇಡು ಎನ್ನುತ್ತದೆ. ಹಸಿವಿಗೆ ನದಿ ದಾಟಿದವನನ್ನೂ ಬಂದೂಕು ಹಿಡಿದು ಗಡಿ ದಾಟಿದವನನ್ನೂ ಒಂದೇ ಗೋಣಿಚೀಲಕ್ಕೆ ಹಾಕುತ್ತದೆ. ‘ವಲಸಿಗ’ ಎನ್ನಲು ನಮಗೇನು ಕಷ್ಟ? ಅದರ ಬಾಲದಲ್ಲಿರುವ ‘ಇಗ’, ಕನ್ನಡಿಗ ಪದದಲ್ಲಿರುವ ‘ಇಗ’ವೇ.

ಪದಕ್ಕೆ ಬೆಲೆಯಿಲ್ಲ ಎನ್ನುವವರು ದೊಡ್ಡಪ್ಪನ ಇನ್ನೊಂದು ಕಾಗದವನ್ನೂ ನೋಡಬೇಕು. ಅಮೆರಿಕದ ಪ್ರಜೆಯಾದ ಗಳಿಗೆಯಲ್ಲೇ, ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅವರ ಭಾರತೀಯ ಪೌರತ್ವ ಹೋಯಿತು. ಆಮೇಲೆ ಭಾರತ ಸರ್ಕಾರ ಅವರಿಗೊಂದು ಪುಸ್ತಕ ಕೊಟ್ಟಿತು, ಪಾಸ್‌ಪೋರ್ಟಿನ ಹಾಗೇ ಕಾಣುವಂಥದ್ದು: ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಸಾಗರೋತ್ತರ ಭಾರತೀಯ ನಾಗರಿಕ. 2005ರಲ್ಲಿ ಈ ಯೋಜನೆ ಬಂದಾಗ ದ್ವಿಪೌರತ್ವ ಸಿಕ್ಕಿತು ಎಂದು ಹೊರನಾಡ ಕನ್ನಡಿಗರು ಸಿಹಿ ಹಂಚಿದರು. ಈ ‘ನಾಗರಿಕ’ ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿಗೆ ಸಮಾನ ಅವಕಾಶದ ಹಕ್ಕು ಕೇಳುವಂತಿಲ್ಲ, ಒಂದು ಗುಂಟೆ ಕೃಷಿಭೂಮಿಯನ್ನೂ ಕೊಳ್ಳುವಂತಿಲ್ಲ. ಕಾನೂನಿನ ಕಣ್ಣಿಗೆ ಅವರು ವಿದೇಶೀಯರು. ನಾಗರಿಕನಲ್ಲದವನನ್ನು ನಮ್ಮದೇ ಕಾಯ್ದೆ ‘ನಾಗರಿಕ’ ಎಂದು ಕರೆಯಿತು, ಯಾಕೆಂದರೆ ಡಾಲರ್ ಇರುವವನ ಮನಸ್ಸು ನೋಯಬಾರದಿತ್ತು. ಪದಕ್ಕೆ ಎಷ್ಟು ತೂಕವಿದೆ ಎಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಬೇಕಾದವರಿಗೆ ಇಲ್ಲದ ಪೌರತ್ವವನ್ನು ಹೆಸರಿನಲ್ಲಿ ಕೊಡುತ್ತದೆ, ಬೇಡವಾದವರ ಪೌರತ್ವವನ್ನು ವಿಚಾರಣೆಗೆ ಮೊದಲೇ ಹೆಸರಿನಲ್ಲಿ ಕಿತ್ತುಕೊಳ್ಳುತ್ತದೆ. ನಾವೂ ಅದನ್ನೇ ಮಾಡುತ್ತಿದ್ದೇವೆ.

ಸುದ್ದಿಮೇಜಿನ ಗೆಳೆಯರಿಗೆ ನನ್ನ ಕೋರಿಕೆ ಇಷ್ಟೇ. ನಾಳೆ ಬೆಳಿಗ್ಗೆ ಮತ್ತೊಂದು ಟಾರ್ಪಾಲಿನ ಶೆಡ್ಡಿನ ಸುದ್ದಿ ಬಂದಾಗ ‘ನುಸುಳುಕೋರರ ಬಂಧನ’ ಎಂದು ಬರೆಯಬೇಡಿ. ‘ಬಾಂಗ್ಲಾದೇಶದವರು ಎಂದು ಪೊಲೀಸರು ಹೇಳುವ ಆರು ಮಂದಿ ವಶಕ್ಕೆ’ ಎಂದು ಬರೆಯಿರಿ. ಶೀರ್ಷಿಕೆ ಒಂದು ಸಾಲು ಉದ್ದವಾಗುತ್ತದೆ, ಜಾಗ ಮಾಡಿಕೊಡಿ.